ಚೌಕಟ್ಟಿನ ಕೆಳಗಿನ ಕೈ

ನಿನ್ನೆ ಒಗೆದ ಬಟ್ಟೆ ಮಡಚುತ್ತಿದ್ದ ನನ್ನ ಹೆಂಡತಿ ನನ್ನ ಅಂಗಿಯ ಕಿಸೆಯಿಂದ ಕಡುನೀಲಿ ಉಣ್ಣೆಯ ಒಂದು ಪಟ್ಟಿಯನ್ನು ಎಳೆದು ತೆಗೆದಳು. ಕಾಲು ಇಂಚು ಅಗಲ, ಗೇಣುದ್ದ. ವಾಷಿಂಗ್ ಮೆಷಿನ್ನಿನಲ್ಲಿ ಸುತ್ತಿ ಸುತ್ತಿ ಮುರುಟಿಹೋಗಿತ್ತು. ಒದ್ದೆ ನಾಯಿಯ ವಾಸನೆ.

"ಇದೆಂತ ಮಾರಾಯ್ರೆ, ಕಿಸೆಯಲ್ಲಿ ಕುರಿ ಸಾಕಿದ್ದೀರಾ?" ಎಂದು ಕೇಳಿದಳು.

ಅದನ್ನು ಕಿಸೆಗೆ ಹಾಕಿದ ನೆನಪು ನನಗಿಲ್ಲ. ನೆನಪಿಲ್ಲ ಎಂದರೆ ಹಾಕಿಲ್ಲ ಎಂದು ಅರ್ಥವಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ನೋಡಿಕೊಳ್ಳಲೆಂದೇ ಒಂದು ಪತ್ರಿಕೆಯವರು ನನಗೆ ಇಪ್ಪತ್ತೆಂಟು ವರ್ಷ ಸಂಬಳ ಕೊಟ್ಟಿದ್ದರು. ಆದ್ದರಿಂದ ಈ ಬರಹದಲ್ಲೂ ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಅರ್ಥ ಮಾಡುವ ಕೆಲಸ ನಿಮ್ಮದು.

ಮಂಗಳೂರಿನಲ್ಲಿ ಉಣ್ಣೆಯ ವಾಸನೆ ಅಪರೂಪ. ಇಲ್ಲಿ ಡಿಸೆಂಬರಿನಲ್ಲೂ ಫ್ಯಾನು ತಿರುಗುತ್ತದೆ. ಸ್ವೆಟರು ಹಾಕಿಕೊಂಡವರು ಎದುರಾದರೆ ಜ್ವರವಾ ಎಂದು ವಿಚಾರಿಸುತ್ತೇವೆ. ಇಂಥ ಊರಿನಲ್ಲಿ ಉಣ್ಣೆಯ ನೆಲಹಾಸು ಮಾಡುವ ಹವ್ಯಾಸ ಹಿಡಿಸಿಕೊಳ್ಳುವುದೆಂದರೆ ಮರುಭೂಮಿಯಲ್ಲಿ ಕೊಡೆ ರಿಪೇರಿಗೆ ಕೂತ ಹಾಗೆ. ಆದರೂ ಹಿಡಿಸಿಕೊಂಡೆ. ಈಗ ಊರಲ್ಲಿ ಯಾರ ಮನೆಯ ಕಪಾಟಿನಲ್ಲಿ ಹಳೆಯ ಉಣ್ಣೆ ಉಂಟೆಂದು ನನಗೆ ಗೊತ್ತು. ನಿವೃತ್ತ ವಕೀಲರ ಕೋಟು, ಉತ್ತರದಲ್ಲಿ ಓದಿ ಬಂದವರ ಶಾಲು, ಹಡಗಿನಲ್ಲಿ ದುಡಿದವರ ದಪ್ಪ ಸ್ವೆಟರು. ಮದುವೆ ಮನೆಯಲ್ಲಿ ಮದುಮಗನನ್ನು ನೋಡುವ ಬದಲು ಅವನ ಸೂಟಿನ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿ ಹೆಂಡತಿಯಿಂದ ಬೈಸಿಕೊಂಡದ್ದೂ ಉಂಟು.

ಕೆಲಸ ಹೀಗೆ. ನಾಲ್ಕು ಕಾಲಿನ ಮರದ ಚೌಕಟ್ಟು, ಊಟದ ಮೇಜಿನಷ್ಟು ಎತ್ತರ. ಮೇಲೆ ಹಲಗೆಯಿಲ್ಲ, ಹಲಗೆಯ ಜಾಗದಲ್ಲಿ ಬಿಗಿಯಾಗಿ ಎಳೆದು ಕಟ್ಟಿದ ಗೋಣಿ. ಬಂದರಿನ ಗೋದಾಮಿನಿಂದ ತಂದ ಗೋಣಿಯಾದರೆ ಎಷ್ಟು ಒಗೆದರೂ ಒಣಮೆಣಸಿನ ಘಾಟು ಬಿಡುವುದಿಲ್ಲ, ಮೊದಲ ವಾರ ಸೀನುತ್ತಲೇ ಇರಬೇಕು. ಗೋಣಿಯ ಮೇಲೆ ಮಸಿಯಲ್ಲಿ ಚಿತ್ರ ಬರೆದುಕೊಳ್ಳುತ್ತಾರೆ. ಹಳೆಯ ಉಣ್ಣೆಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಒಂದು ಪಟ್ಟಿಯನ್ನು ಎಡಗೈಯಲ್ಲಿ ಗೋಣಿಯ ಅಡಿಯಲ್ಲಿ ಹಿಡಿಯುತ್ತಾರೆ. ಬಲಗೈಯ ಕೊಕ್ಕೆಯನ್ನು ಮೇಲಿನಿಂದ ಗೋಣಿಯ ಸಂದಿಗೆ ಇಳಿಸಿ, ಅಡಿಯ ಪಟ್ಟಿಯನ್ನು ಸಿಕ್ಕಿಸಿ ಎಳೆದರೆ ಮೇಲೆ ಒಂದು ಪುಟ್ಟ ಕುಣಿಕೆ ಏಳುತ್ತದೆ. ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕದಲ್ಲಿ ಮತ್ತೊಂದು. ಎಲ್ಲೂ ಗಂಟು ಹಾಕುವುದಿಲ್ಲ. ಕುಣಿಕೆಗಳು ಒತ್ತೊತ್ತಾಗಿ ನಿಂತಿರುವುದರಿಂದಲೇ ನಿಂತಿರುತ್ತವೆ. ಒಂದು ತುದಿ ಹಿಡಿದು ಎಳೆದರೆ ಇಡೀ ಸಾಲು ಸದ್ದಿಲ್ಲದೆ ಬಿಚ್ಚಿ ಬರುತ್ತದೆ.

ಇದರ ಸುಖವನ್ನು ಹೇಳಿ ತಿಳಿಸುವುದು ಕಷ್ಟ. ಉಣ್ಣೆ ಗೋಣಿಯನ್ನು ದಾಟುವಾಗ ಬರುವ ಸಣ್ಣ 'ಟಪ್' ಸದ್ದು ಒಂದು. ಇಷ್ಟು ಜಾಗ, ಇದನ್ನು ತುಂಬಿಸು ಎಂಬ ನೆಮ್ಮದಿ ಇನ್ನೊಂದು. ಜೀವಮಾನವಿಡೀ ಕಾಲಂ ತುಂಬಿಸಿದವನಿಗೆ ಇದಕ್ಕಿಂತ ಹಿತವಾದದ್ದಿಲ್ಲ. ಆದರೆ ಮುಖ್ಯ ಸಂಗತಿ ಬೇರೆ. ಕೊಕ್ಕೆ ಹಿಡಿದವನಿಗೆ ಅಡಿಯಲ್ಲಿ ನಡೆಯುವುದು ಕಾಣಿಸುವುದಿಲ್ಲ. ಕತ್ತಲಿಗೆ ಕೊಕ್ಕೆ ಇಳಿಸಿ, ಅಲ್ಲೊಂದು ಕೈ ಉಣ್ಣೆ ಹಿಡಿದು ಕಾದಿದೆ ಎಂದು ನಂಬಬೇಕು. ಸ್ವಂತ ಕೈಯೇ ಆದರೂ ಸರಿ.

ನಾನು ಇದನ್ನು ಮೊದಲು ನೋಡಿದ ಮನೆಯಲ್ಲಿ ಅದು ಸ್ವಂತ ಕೈ ಆಗಿರಲಿಲ್ಲ.

ದೇರೆಬೈಲಿನ ಆ ಮನೆಗೆ ಹೋದದ್ದು ಭಾನುವಾರದ ಪುರವಣಿಗೆ ಮುನ್ನೂರು ಪದ ಬರೆಯಲು. ನಿವೃತ್ತಿಗೆ ಎರಡೂವರೆ ವರ್ಷ ಬಾಕಿ ಇತ್ತು. ಮನೆಯವರು ಲೀಲಕ್ಕ. ಬಲ್ಮಠದ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಬಹಳ ಹಿಂದೆ ಆ ಶಾಲೆಗೆ ಎರಡು ವರ್ಷ ಪಾಠ ಮಾಡಲು ಬಂದಿದ್ದ ಚಳಿದೇಶದ ಹೆಂಗಸೊಬ್ಬರಿಂದ ಈ ವಿದ್ಯೆ ಕಲಿತಿದ್ದರು. ಈಗ ಸ್ಟ್ರೋಕ್ ಆಗಿ ಎಡಗೈ ಬಿದ್ದುಹೋಗಿತ್ತು. ಬಲಗೈಯಲ್ಲಿ ಕೊಕ್ಕೆ ಹಿಡಿದು ಚೌಕಟ್ಟಿನ ಎದುರು ಕುರ್ಚಿಯಲ್ಲಿ ಕೂತಿದ್ದರು. ಆಚೆ ಬದಿಯಲ್ಲಿ, ಗಿಡ್ಡ ಸ್ಟೂಲಿನ ಮೇಲೆ, ಒಂದು ತೋಳನ್ನು ಮೊಣಕೈವರೆಗೆ ಗೋಣಿಯ ಅಡಿಗೆ ತೂರಿಸಿ ಇನ್ನೊಬ್ಬ ಹೆಂಗಸು ಕೂತಿದ್ದರು. ಲೀಲಕ್ಕನ ತಂಗಿ ಸುಮತಕ್ಕ. ಅದೇ ಕಂಪೌಂಡಿನ ಚಿಕ್ಕ ಮನೆಯಲ್ಲಿ ಒಬ್ಬರೇ ಇದ್ದರು. ಗಂಡ ಹಡಗಿನಲ್ಲಿ ದುಡಿದು ತೀರಿಕೊಂಡಿದ್ದರು, ಮಕ್ಕಳಿಲ್ಲ. ಉಣ್ಣೆಯೆಲ್ಲ ಹೆಚ್ಚಾಗಿ ಆ ಗಂಡನ ಸ್ವೆಟರುಗಳದ್ದೇ.

ಕೂತು ಐದು ನಿಮಿಷವಾಗಿರಲಿಲ್ಲ, ಲೀಲಕ್ಕ ನನ್ನ ಕಡೆ ತಿರುಗಿ ಹೇಳಿದರು. "ಅವಳಿಗೆ ಹೇಳಿ, ನದಿ ಕಪ್ಪು ಇರುವುದಿಲ್ಲ ಅಂತ."

ಗೋಣಿಯ ಮೇಲಿನ ಚಿತ್ರ ಬಂದರಿನ ಧಕ್ಕೆಯದ್ದು, ದೋಣಿ ಕಟ್ಟುವ ಕಟ್ಟೆಯದ್ದು. ನಾಲ್ಕು ದೋಣಿ, ನೀರು. ನಾನು ತಬ್ಬಿಬ್ಬಾಗಿ ಸುಮತಕ್ಕನನ್ನು ನೋಡಿದೆ. ಅವರು ಎರಡು ಅಡಿ ದೂರದಲ್ಲೇ ಇದ್ದರು.

"ಅವರಿಗೆ ಹೇಳಿ, ಬಂದರಿಗೆ ಹೋಗಿ ಒಮ್ಮೆ ನೋಡ್ಲಿಕ್ಕೆ," ಎಂದರು ಸುಮತಕ್ಕ, ನನ್ನನ್ನೇ ನೋಡುತ್ತ.

ಮತ್ತೆ ಸ್ವಲ್ಪ ಹೊತ್ತಿಗೆ ಅವರೇ, "ಅವರ ಕೊಕ್ಕೆ ನನ್ನ ಬೆರಳಿಗೆ ಚುಚ್ಚುತ್ತದೆ, ಹೇಳಿ."

"ಬೆರಳು ತೆಗೀಲಿಕ್ಕೆ ಹೇಳಿ ಅವಳಿಗೆ. ಉಣ್ಣೆ ಕೊಡ್ಲಿಕ್ಕೆ ಕೂತದ್ದಾ, ಬೆರಳು ಕೊಡ್ಲಿಕ್ಕಾ?"

ಹನ್ನೊಂದು ವರ್ಷದಿಂದ ಅಕ್ಕತಂಗಿಯರು ಪರಸ್ಪರ ಮಾತಾಡಿರಲಿಲ್ಲ. ಲೀಲಕ್ಕನಿಗೆ ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ದಿನ, ಮಧ್ಯಾಹ್ನ ಮೂರಕ್ಕೆ, ಸುಮತಕ್ಕ ಯಾರೂ ಕರೆಯದೆ ಬಂದು, ಸ್ಟೂಲು ಎಳೆದು ಕೂತು, ಗೋಣಿಯ ಅಡಿಗೆ ಕೈ ಹಾಕಿದರಂತೆ. ಅಂದಿನಿಂದ ಪ್ರತಿದಿನ ಮೂರರಿಂದ ನಾಲ್ಕೂವರೆ. ಕೆಲಸದ ಕ್ರಮವೂ ತನ್ನಿಂದ ತಾನೇ ಬದಲಾಗಿತ್ತು. ಚಿತ್ರ ಲೀಲಕ್ಕನದ್ದು, ಬಣ್ಣ ಸುಮತಕ್ಕನದ್ದು. ಚೌಕಟ್ಟಿನ ಒಳಬದಿಯ ಮೊಳೆಗೆ ತೂಗಿದ ಬಟ್ಟೆಚೀಲದಿಂದ ಅವರು ಯಾವ ಪಟ್ಟಿ ಆರಿಸಿ ಕೊಡುತ್ತಾರೋ ಅದೇ ಮೇಲೆ ಏಳಬೇಕು. ಕುಣಿಕೆ ಎದ್ದ ಮೇಲೆಯೇ ಲೀಲಕ್ಕನಿಗೆ ಬಣ್ಣ ಗೊತ್ತಾಗುವುದು. ಕೆಲವೊಮ್ಮೆ ಅವರು ಎದ್ದ ಬಣ್ಣವನ್ನು ನೋಡಿ ಕೊಕ್ಕೆ ನಿಲ್ಲಿಸಿ ಆ ಕುಣಿಕೆಯನ್ನು ಬೆರಳಲ್ಲಿ ಸವರುತ್ತಿದ್ದರು. ಮಾತಾಡದವರು ಮಾತಾಡಿಕೊಳ್ಳುತ್ತಿದ್ದಾರೆ ಎಂದು ನನಗನಿಸುತ್ತಿತ್ತು. ಮುನ್ನೂರು ಪದದಲ್ಲಿ ಇದನ್ನು ಬರೆಯಲಿಲ್ಲ, ಸಾಕ್ಷ್ಯವಿರಲಿಲ್ಲ.

ಲೇಖನ ಅಚ್ಚಾಯಿತು. ನಾನು ಹೋಗುವುದನ್ನು ಬಿಡಲಿಲ್ಲ. ನನ್ನ ಪಾಳಿ ಸಂಜೆ ಐದಕ್ಕೆ, ಮಧ್ಯಾಹ್ನ ಖಾಲಿ. ಮೊದಲು ನೋಡಲೆಂದು ಹೋದೆ, ಆಮೇಲೆ ಪಟ್ಟಿ ಕತ್ತರಿಸಲು, ಆಮೇಲೆ ನನ್ನದೇ ಒಂದು ಕಾಲೊರಸು ಮಾಡಲು. ಸುಮತಕ್ಕ ಅದನ್ನು ತಿರುಗಿಸಿ ನೋಡಿ, "ಬೆಕ್ಕಿಗೆ ಆಗ್ತದೆ," ಎಂದರು.

ಒಂದು ದಿನ ಸುಮತಕ್ಕ ಬರುವ ಮುಂಚೆ ನಾನು ತಲುಪಿದೆ. ಮಾತಿಗೆ ಮಾತು ಬಂದು, ನೀವು ಮಾತು ಬಿಟ್ಟದ್ದು ಯಾಕೆ ಎಂದು ಕೇಳಿಬಿಟ್ಟೆ. ಲೀಲಕ್ಕ ಎದ್ದು ಹೋಗಿ ಪ್ಲಾಸ್ಟಿಕ್ ಕವರಿನಿಂದ ಎರಡು ಕಾಗದ ತಂದರು. ಒಂದು, ಅವರ ಕೈಬರಹ. ಇನ್ನೊಂದು, ನಮ್ಮದೇ ಪತ್ರಿಕೆಯ ತುಣುಕು. ಅವರ ಅಮ್ಮನ ನಿಧನ ಸುದ್ದಿ.

"ನಾನು ಬರೆದುಕೊಟ್ಟದ್ದು ಇದು. ಬಂದದ್ದು ಇದು."

ಕೈಬರಹದಲ್ಲಿ ಪುತ್ರಿಯರಾದ ಲೀಲಾ, ಸುಮತಿ ಎಂದಿತ್ತು. ಅಚ್ಚಿನಲ್ಲಿ ಪುತ್ರಿ ಲೀಲಾ ಹಾಗೂ ಅಪಾರ ಬಂಧುಬಳಗ ಎಂದಿತ್ತು.

ಸುಮತಕ್ಕನ ಮದುವೆ ಅಮ್ಮನಿಗೆ ಒಪ್ಪಿಗೆ ಇರಲಿಲ್ಲ. ವರ್ಷಗಟ್ಟಲೆ ಮನೆಯ ಮೆಟ್ಟಿಲು ಹತ್ತಲು ಬಿಟ್ಟಿರಲಿಲ್ಲ. ಗಂಡ ತೀರಿದ ಮೇಲೆ ಬಂದು, ಹಾಸಿಗೆ ಹಿಡಿದ ಅಮ್ಮನನ್ನು ಕೊನೆಯ ಒಂದು ವರ್ಷ ಮೀಯಿಸಿ, ಉಣಿಸಿ, ನೋಡಿಕೊಂಡದ್ದು ಅವರೇ. ಆಮೇಲೆ ಪೇಪರಿನಲ್ಲಿ ಅವರ ಹೆಸರೇ ಇಲ್ಲ. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಬಂದ ನೆಂಟರೆಲ್ಲ ಅದನ್ನು ಓದಿಯೇ ಬಂದಿದ್ದರು. ಮಗಳನ್ನು ಕೊನೆಗೂ ಮನೆಯವಳೆಂದು ಒಪ್ಪಲಿಲ್ಲ ಎಂದು ತಿಳಿದುಕೊಂಡಿದ್ದರು.

"ಈ ಕಾಗದ ಅವರಿಗೆ ತೋರಿಸಲಿಲ್ವಾ?"

"ತೋರಿಸಿದೆ. ಆಮೇಲೆ ಕೂತು ಬರೆದದ್ದು ಅಂದಳು." ಲೀಲಕ್ಕ ಕಾಗದಗಳನ್ನು ಕವರಿಗೆ ಹಾಕಿದರು. "ನನ್ನನ್ನು ಅಂಥವಳು ಅಂತ ತಿಳ್ಕೊಂಡಳಲ್ಲ, ಮತ್ತೆ ಎಂತ ಮಾತು."

ನಾನು ಚಾ ಕುಡಿದೆ. ತುಂಬ ಬಿಸಿ ಇತ್ತು ಎಂಬುದು ನೆನಪಿದೆ.

ಪತ್ರಿಕೆಯ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಜಾಗ ಸಾಲದೆ ಬಂದರೆ ಸುದ್ದಿಯನ್ನು ಬುಡದಿಂದ ಕತ್ತರಿಸುತ್ತೇವೆ. ಮುಖ್ಯವಾದದ್ದು ಮೇಲೆ ಇರುತ್ತದೆ, ಕೆಳಗಿನದ್ದು ಹೋದರೆ ನಷ್ಟವಿಲ್ಲ ಎಂದು ನಮಗೆ ಕಲಿಸಿದ್ದಾರೆ. ಆದರೆ ನಿಧನ ಸುದ್ದಿಯ ಬುಡದಲ್ಲಿ ಇರುವುದು ಮನುಷ್ಯರು. ಕಾಲಂ ಒಂದು ಸಾಲು ಉದ್ದವಾದಾಗ, ಬಂಧುಬಳಗದ ಹಿಂದಿನ ಕೊನೆಯ ಹೆಸರನ್ನು ತೆಗೆದು ಪುತ್ರಿಯರನ್ನು ಪುತ್ರಿ ಮಾಡಿದರೆ ಸರಿಹೋಗುತ್ತಿತ್ತು. ಅದು ನನ್ನ ಕ್ರಮ. ಆ ವರ್ಷಗಳಲ್ಲಿ ಆ ಕಾಲಂ ನೋಡುತ್ತಿದ್ದವನು ನಾನೊಬ್ಬನೇ. ಆ ದಿನದ ನೆನಪು ನನಗಿಲ್ಲ. ಬೇರೆ ಯಾರೂ ಅದನ್ನು ಮಾಡಿರಲು ಸಾಧ್ಯವಿಲ್ಲ ಎಂಬುದು ಗೊತ್ತು.

ಸುಮತಕ್ಕ ಬಂದರು. ಕೂತರು. ಅಡಿಗೆ ಕೈ ಹಾಕಿದರು. ನಾನು ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು, ಒಂದೇ ವಾಕ್ಯ. ಅಕ್ಕನ ಕಾಗದವನ್ನು ನಂಬದ ತಂಗಿ ನನ್ನ ಮಾತನ್ನು ನಂಬುತ್ತಿದ್ದರು. ನಾನು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಆ ಮನೆಯ ಮಧ್ಯಾಹ್ನಗಳನ್ನು ಕಳೆದುಕೊಳ್ಳುವ ಹೆದರಿಕೆ. ಎರಡು ವರ್ಷ ಹಾಗೆಯೇ ಹೋಯಿತು.

ಒಂದು ಮಂಗಳವಾರ ಬೆಳಿಗ್ಗೆ ಸುಮತಕ್ಕ ಅಂಗಳದ ನಳ್ಳಿಯ ಬಳಿ ಬೂತಾಯಿ ಮೀನು ತೊಳೆಯುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು. ಆ ವಾರ ನಾನು ಹೇಳಬೇಕೆಂದಿದ್ದೆ ಎಂದು ಬರೆದರೆ ಚೆನ್ನಾಗಿ ಕೇಳುತ್ತದೆ. ನಿಜವಲ್ಲ. ಆ ವಾರ ನನಗೆ ಆ ಯೋಚನೆಯೇ ಇರಲಿಲ್ಲ.

ನಿಧನ ಸುದ್ದಿಯನ್ನು ನಾನೇ ಬರೆದೆ. ಅಕ್ಕ ಲೀಲಾ ಅವರ ಹೆಸರು ಬುಡದಲ್ಲಿ ಉಳಿಯಿತು. ಜಾಗ ಸಾಲದೆ ಬಂದಾಗ ಮೇಲಿನ ಇನ್ಯಾವುದೋ ಸುದ್ದಿಯನ್ನು ಕತ್ತರಿಸಿದೆ. ಅದು ಆ ಕಾಲಂನಲ್ಲಿ ನಾನು ಮಾಡಿದ ಕೊನೆಯ ಕೆಲಸಗಳಲ್ಲಿ ಒಂದು. ಮರು ತಿಂಗಳು ನಿವೃತ್ತನಾದೆ.

ಬೊಜ್ಜ ಮುಗಿದ ಮರುವಾರ ಲೀಲಕ್ಕ ಫೋನ್ ಮಾಡಿದರು. "ಬಿಚ್ಚಿ ಬಿಚ್ಚಿ ಹಾಕಿ ಧಕ್ಕೆ ಇನ್ನೂ ಅರ್ಧ ಉಂಟು. ನಿಮ್ಮದೊಂದು ಕೈ ಬೇಕಿತ್ತು."

ಸ್ಟೂಲಿನ ಮೇಲೆ ಕೂತು ಗೋಣಿಯ ಅಡಿಗೆ ಕೈ ತೂರಿಸಿದೆ. ಮಧ್ಯಾಹ್ನದ ಬೆಳಕು, ತೆರೆದ ಬಾಗಿಲು, ರಸ್ತೆಯಲ್ಲಿ ಸ್ಕೂಲ್ ಬಸ್ಸಿನ ಸದ್ದು. ಆದರೆ ಗೋಣಿಯ ಅಂಚುಗಳು ಸುತ್ತ ಇಳಿಬಿದ್ದಿದ್ದರಿಂದ ಅಡಿಯಲ್ಲಿ ಮಬ್ಬು. ಹೊರಗಿಗಿಂತ ಸ್ವಲ್ಪ ತಂಪು. ಕೈ ಒಳಗೆ ಹೋದ ಮೇಲೆ ಅದು ನನ್ನದಲ್ಲ ಅನ್ನಿಸುತ್ತಿತ್ತು. ಕೊಕ್ಕೆಯ ತುದಿ ಸೂರಿನಿಂದ ಇಳಿದಂತೆ ಇಳಿದು, ಹುಡುಕಿ, ಪಟ್ಟಿಯನ್ನು ಕಚ್ಚಿಕೊಂಡು ಮೇಲೆ ಹೋಗುತ್ತಿತ್ತು. ಮೂರು ದಿನ ಅಡ್ಡಿಯಿಲ್ಲದೆ ನಡೆಯಿತು.

ನಾಲ್ಕನೆಯ ದಿನ ಆಕಾಶ ತುಂಬಿಸುತ್ತಿದ್ದೆವು. ನನ್ನ ಕೈಯಲ್ಲಿ ಬೂದು ಪಟ್ಟಿ. ಕೊಕ್ಕೆ ನನ್ನ ಬೆರಳಿನಿಂದ ಒಂದಿಂಚು ಆಚೆಗೆ ಇಳಿಯಿತು. ನಾನು ಪಟ್ಟಿಯನ್ನು ಅತ್ತ ಸರಿಸುವ ಮೊದಲೇ ಅದು ಉಣ್ಣೆ ಹಿಡಿದು ಮೇಲೇರಿತು. ಏನೋ ನನ್ನ ಬೆರಳ ಗೆಣ್ಣನ್ನು ಸವರಿಕೊಂಡು ಹೋದಂತಾಯಿತು. ಮೇಲೆ ನೋಡಿದೆ. ಬೂದು ಆಕಾಶದ ನಡುವೆ ಒಂದು ಕೆಂಪು ಕುಣಿಕೆ.

ಬಗ್ಗಿ ನೋಡಿದೆ. ಕೆಂಪು ಪಟ್ಟಿಯ ಬಾಲ ನೇತಾಡುತ್ತಿತ್ತು. ಉಣ್ಣೆಗೆ ಉಣ್ಣೆ ಅಂಟುತ್ತದೆ. ಹಿಂದೆಂದೋ ಗೋಣಿಗೆ ಸಿಕ್ಕಿಕೊಂಡ ಪಟ್ಟಿಯಿರಬಹುದು. ಮರುದಿನ ಬ್ರಷ್ ಹಿಡಿದು ಗೋಣಿಯ ಅಡಿಭಾಗವನ್ನು ಗುಡಿಸಿದೆ, ಚೀಲದ ಬಾಯಿ ಕಟ್ಟಿದೆ, ಬೂದು ಪಟ್ಟಿಗಳನ್ನು ಮಾತ್ರ ಹಿಡಿದು ಕೂತೆ. ಆ ದಿನ ಕೆಂಪು ಮೂರು ಸಲ ಬಂತು. ವೇಳೆಯನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ಯಾವ ಸುದ್ದಿಗೂ ಎರಡನೆಯ ಮೂಲ ಬೇಕು. ನಾನು ಬಾಯಿ ಬಿಟ್ಟಿರಲಿಲ್ಲ. ಲೀಲಕ್ಕನೇ ಕೊಕ್ಕೆ ನಿಲ್ಲಿಸಿ ಕೇಳಿದರು. "ಇದು ನೀವು ಕೊಟ್ಟದ್ದಲ್ಲ ಅಲ್ವಾ?"

"ನಿಮಗೆ ಹೇಗೆ ಗೊತ್ತಾಯ್ತು?"

"ನೀವು ಪಟ್ಟಿ ಬಿಡುವುದು ತಡ. ಜಗ್ಗಬೇಕು. ಅವಳು ಕೊಟ್ಟರೆ ಜಗ್ಗಲಿಕ್ಕೇ ಇಲ್ಲ."

ಆಮೇಲೆ ಅವರು ಗೋಣಿಯ ಕಡೆಗೆ ಬಗ್ಗಿ ಮಾತಾಡಿದರು. ನನ್ನ ಮೂಲಕ ಅಲ್ಲ. ತುಳುವಿನಲ್ಲಿ ಹೇಳಿದ್ದು, ಕನ್ನಡದಲ್ಲಿ ಬರೆದರೆ ಇಷ್ಟು. "ಸುಮತೀ, ನಿನ್ನ ಹೆಸರು ನಾನು ತೆಗೆದದ್ದು ಅಂತ ನೀನು ಈಗಲೂ ನಂಬ್ತೀಯಾ? ನಂಬಿದರೆ ಕಪ್ಪು ಕೊಡು. ಇಲ್ಲದಿದ್ದರೆ ಬೇರೆ ಯಾವುದಾದರೂ ಕೊಡು."

ಕೊಕ್ಕೆ ಇಳಿಯಿತು. ನನ್ನ ಕಣ್ಣೆದುರು ಅಲ್ಲ, ನನ್ನ ಕೈಯೆದುರು.

ನೋಡಿ, ಆ ಕೈಯಲ್ಲಿ ಬೂದು ಪಟ್ಟಿ ಇತ್ತು. ಕೊಕ್ಕೆಗೆ ಅದನ್ನು ಸಿಕ್ಕಿಸಿದರೆ ಸಾಕು, ಎದುರಿಗೆ ಕೂತ ಹೆಂಗಸಿನ ಹದಿಮೂರು ವರ್ಷದ ನೋವು ಮುಗಿಯುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಸುದ್ದಿಯನ್ನು ಜಾಗಕ್ಕೆ ತಕ್ಕಂತೆ ಮಾಡುವುದು ನನಗೆ ಹೊಸತಲ್ಲ. ಕೊಕ್ಕೆ ಕಾಯುತ್ತಿತ್ತು. ನಾನು ಕೈಯನ್ನು ಹೊರಗೆ ತೆಗೆದು ಚೌಕಟ್ಟಿನ ಮೇಲೆ ಇಟ್ಟೆ.

"ಲೀಲಕ್ಕ, ಆ ಹೆಸರು ತೆಗೆದದ್ದು ನಾನು."

ಅವರು ನನ್ನ ಮುಖ ನೋಡಿದರು. ಕಾಲಂ, ಸಾಲು, ಬುಡ ಎಂದು ನಾನು ವಿವರಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಎಷ್ಟು ಸಾಲು ಜಾಸ್ತಿ ಆಗಿತ್ತು?"

"ಒಂದು."

"ಒಂದು." ಕೊಕ್ಕೆಯನ್ನು ಗೋಣಿಯಿಂದ ಎಳೆದು ತೆಗೆದರು. "ನನಗೆ ಹೇಳಿ ಎಂತ ಪ್ರಯೋಜನ? ಹೆಸರು ನಾನು ಬಿಡಲಿಲ್ಲ ಅಂತ ನನಗೆ ಗೊತ್ತುಂಟು. ಗೊತ್ತಾಗಬೇಕಾದವಳು ಅವಳು. ಅವಳಿಗೆ ಹೇಳಿ."

"ಲೀಲಕ್ಕ..."

"ಬಗ್ಗಿ ಹೇಳಿ. ಅವಳಿಗೆ ಕೇಳುವ ಹಾಗೆ."

ಅರವತ್ತು ತುಂಬಿದವನು, ಯಾವ ದೈವದ ಎದುರೂ ಕೈಕಟ್ಟಿ ನಿಂತೇ ಗೊತ್ತಿದ್ದವನು, ಮಂಡಿಯೂರಿ ಗೋಣಿಯ ಅಂಚು ಸರಿಸಿ ತಲೆ ಒಳಗೆ ಹಾಕಿದೆ. ಎರಡೂ ಅಂಗೈ ನೆಲದ ಮೇಲೆ. ಮೆಣಸಿನ ಘಾಟು, ಉಣ್ಣೆಯ ವಾಸನೆ, ಮಬ್ಬು. ಮೇಲೆ ಗೋಣಿಯ ಸಂದಿಗಳಲ್ಲಿ ಸೂಜಿಮೊನೆಯಷ್ಟು ಬೆಳಕುಗಳು. ಅಲ್ಲಿ ಯಾರೂ ಇರಲಿಲ್ಲ. ನಾನು ತಿದ್ದುಪಡಿ ಓದುವವನಂತೆ ಹೇಳಿದೆ. "ಸುಮತಕ್ಕ, ನಿಮ್ಮ ಅಕ್ಕ ನಿಮ್ಮ ಹೆಸರು ಬರೆದಿದ್ದರು. ಕತ್ತರಿಸಿದ್ದು ನಾನು. ಗೊತ್ತಾದ ಮೇಲೂ ಎರಡು ವರ್ಷ ಹೇಳಲಿಲ್ಲ. ತಪ್ಪಾಯ್ತು."

ಕೊಕ್ಕೆಯ ತುದಿ ಇಳಿದು ಬಂತು. ನನ್ನ ಮುಖದಿಂದ ಒಂದು ಗೇಣು ದೂರ. ಸ್ವಲ್ಪ ಹೊತ್ತು ಗಾಳಿಯಲ್ಲಿ ಹಾಗೇ ನಿಂತಿತ್ತು. ಆಮೇಲೆ ಮೇಲೆ ಹೋಯಿತು. ಅದರ ಹಿಂದೆ ಒಂದು ಪಟ್ಟಿಯ ಬಾಲ ಜರ್‍ರನೆ ಮೇಲಕ್ಕೆ ಸರಿಯಿತು. ಅದು ಎಲ್ಲಿಂದ ಹೊರಟಿತೆಂದು ನಾನು ನೋಡಲಿಲ್ಲ. ನೋಡುತ್ತಲೇ ಇದ್ದೆ, ಆದರೂ ನೋಡಲಿಲ್ಲ. ನನ್ನ ಎರಡೂ ಕೈ ನೆಲದ ಮೇಲೆಯೇ ಇದ್ದವು. 'ಟಪ್' ಎಂಬ ಸದ್ದು ಕೇಳಿಸಿತು.

ಹೊರಗೆ ಬಂದು ನೋಡಿದರೆ, ಹಳದಿ. ಆ ಚೀಲದಲ್ಲಿ ಹಳದಿ ಇತ್ತೆಂದು ನನಗೆ ಗೊತ್ತಿರಲಿಲ್ಲ.

ಲೀಲಕ್ಕ ಕುಣಿಕೆಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಅಳಲಿಲ್ಲ. "ಕಪ್ಪಲ್ಲ," ಎಂದರು, ಅಷ್ಟೇ.

ಹೊರಡುವಾಗ ಕೇಳಿದೆ. "ನನ್ನ ಮೇಲೆ ಸಿಟ್ಟುಂಟಾ?"

"ಉಂಟು. ಎಲ್ಲಿಗೆ ಹೋಗ್ತದೆ ಅದು. ನಾಳೆ ಮೂರಕ್ಕೆ ಬನ್ನಿ."

ಮರುದಿನ ಸ್ಟೂಲಿನ ಮೇಲೆ ಕೂರಲು ಹೋದಾಗ ಅವರು ತಡೆದರು. "ಅಲ್ಲಿ ಬೇಡ. ಬೆಂಚಲ್ಲಿ ಕೂತ್ಕೊಳ್ಳಿ, ಕತ್ತರಿ ಉಂಟು."

ಇದಾಗಿ ಎರಡು ಮಳೆಗಾಲ ಕಳೆಯಿತು. ಧಕ್ಕೆ ಮುಗಿದು ಈಗ ಮೂರನೆಯ ಹಾಸು ನಡೆಯುತ್ತಿದೆ. ನಾನು ಬೆಂಚಿನಲ್ಲಿ ಕೂತು ಪಟ್ಟಿ ಕತ್ತರಿಸಿ ಚೀಲ ತುಂಬಿಸುತ್ತೇನೆ. ಸಂಜೆಗೆ ಚೀಲ ಹಗುರಾಗಿರುತ್ತದೆ. ಲೀಲಕ್ಕನ ಬಲಗೈ ಕೊಕ್ಕೆ ಇಳಿಸುತ್ತದೆ, ಎತ್ತುತ್ತದೆ. ಎಡಗೈ ಮಡಿಲಲ್ಲಿ, ಯಾರೋ ಇಟ್ಟು ಹೋದ ಹಾಗೆ ಬಿದ್ದಿರುತ್ತದೆ. ಆಚೆಯ ಸ್ಟೂಲು ಖಾಲಿ. ಅಡಿಗೆ ಬಗ್ಗಿ ನೋಡಿದರೆ ಒಂದೋ ಎರಡೋ ಸಾಲಿನಲ್ಲಿ ಮುಗಿಯುವ ವಿಷಯ, ನಾನು ಬಗ್ಗುವುದಿಲ್ಲ. ಪುಸ್ತಕದಲ್ಲಿ ವೇಳೆ ಬರೆಯುವುದನ್ನು ನಿಲ್ಲಿಸಿದ್ದೇನೆ. ಅಕ್ಕತಂಗಿಯರ ನಡುವೆ ಮಾತು ನಡೆಯುತ್ತದೆ, ಮೀನಿನ ರೇಟಿನಿಂದ ಹಿಡಿದು ಅಮ್ಮನವರೆಗೆ. ನನಗೆ ಕೇಳಿಸುವುದು ಒಂದು ಕಡೆಯದ್ದು ಮಾತ್ರ.

ಇವತ್ತು ಮಧ್ಯಾಹ್ನ ಲೀಲಕ್ಕ ಕೊಕ್ಕೆ ನಿಲ್ಲಿಸಿ, ತಲೆ ವಾಲಿಸಿ, ಸ್ವಲ್ಪ ಹೊತ್ತು ಕಿವಿಗೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಪಟ್ಟಿ ದಪ್ಪ ಆಯ್ತಂತೆ. ಸಪೂರ ಕತ್ತರಿಸ್ಲಿಕ್ಕೆ ನಿಮಗೆ ಹೇಳಬೇಕಂತೆ."

ನಾನು ಸಪೂರ ಕತ್ತರಿಸಿದೆ.